ಇಂದಿನ ಕಂಠಕ್ಕೆ, ಇಂದಿನ ಕೈಗೆ: ಹಳೆಯ ರಾಕ್ ತಂಡವೊಂದರ ಹೊಸ ಆಲ್ಬಂ

ನಮ್ಮ ತಂಡ ಹಿಂದಿನ ಆಲ್ಬಂ ಮಾಡಿದ ಕಾಲದಲ್ಲಿ ಸ್ಟುಡಿಯೋ ಎಂದರೆ ಟೇಪು. ಎರಡು ಅಂಗುಲ ಅಗಲದ ಟೇಪಿನ ಮೇಲೆ 24 ಟ್ರ್ಯಾಕ್‌ಗಳು, ಅಂದರೆ ಒಂದೊಂದು ವಾದ್ಯ ಅಥವಾ ದನಿಯನ್ನು ಬೇರೆಯಾಗಿ ಹಿಡಿದಿಡುವ ಪಟ್ಟಿಗಳು, ಸಾಲಾಗಿ ಕೂರುತ್ತಿದ್ದವು. ಸೆಕೆಂಡಿಗೆ 30 ಅಂಗುಲದ ವೇಗದಲ್ಲಿ ಓಡಿಸಿದರೆ 2,500 ಅಡಿಯ ಇಡೀ ಸುರುಳಿ 17 ನಿಮಿಷದೊಳಗೆ ಮುಗಿದುಹೋಗುತ್ತಿತ್ತು. ಟೇಪು ದುಬಾರಿ, ಸ್ಟುಡಿಯೋದ ಸಮಯ ಅದಕ್ಕಿಂತ ದುಬಾರಿ. ಹೀಗಾಗಿ ಹಾಡನ್ನು ಅಭ್ಯಾಸದ ಕೋಣೆಯಲ್ಲೇ ಪೂರ್ತಿ ಪಳಗಿಸಿಕೊಂಡು ಹೋಗುತ್ತಿದ್ದೆವು. ಬಹಳ ವರ್ಷಗಳ ನಂತರ ಮತ್ತೆ ಹೊಸ ಹಾಡುಗಳೊಂದಿಗೆ ಸ್ಟುಡಿಯೋ ಹೊಕ್ಕಾಗ ಟ್ರ್ಯಾಕ್‌ಗಳಿಗೆ ಮಿತಿಯಿರಲಿಲ್ಲ, ಒಂದೇ ಹಾಡನ್ನು ಮತ್ತೆ ಮತ್ತೆ ಮುದ್ರಿಸುವ ಸರದಿಗಳಿಗೂ, ಅಂದರೆ ಟೇಕ್‌ಗಳಿಗೂ ಇರಲಿಲ್ಲ. ಮಿತಿಗಳೆಲ್ಲ ಈಗ ನಮ್ಮ ಮೈಗೆ ಬಂದು ಸೇರಿದ್ದವು: ಗಾಯಕನ ಕಂಠಕ್ಕೆ, ಡ್ರಮ್ಮರ್‌ನ ಮಣಿಕಟ್ಟಿಗೆ, ರಿದಮ್ ಗಿಟಾರ್ ನುಡಿಸುವ ನನ್ನ ಕಿವಿಗೆ. ಈ ಆಲ್ಬಮ್ಮಿನ ಪ್ರತಿಯೊಂದು ಮುಖ್ಯ ತೀರ್ಮಾನವೂ ಆ ಮಿತಿಗಳನ್ನು ಒಪ್ಪಿಕೊಂಡ ಮೇಲೆಯೇ ಸರಿಹೋಯಿತು ಎಂಬುದು ನನ್ನ ಅನುಭವ. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹೊಸ ಆಲ್ಬಂ ಬೇಕೇ ಎಂಬ ಪ್ರಶ್ನೆಯೇ ಮೊದಲು ನಮ್ಮನ್ನು ಕಾಡಿತು. ಹಳೆಯ ತಂಡದ ಕಾರ್ಯಕ್ರಮಕ್ಕೆ ಜನ ಬರುವುದು ಹಳೆಯ ಹಾಡುಗಳಿಗಾಗಿ. ಹೊಸ ಹಾಡು ಶುರುವಾದಾಗ ಸಭಾಂಗಣದಲ್ಲಿ ಏಳುವ ಗುಜುಗುಜು ನಮಗೆ ಹೊಸದಲ್ಲ. ರೋಲಿಂಗ್ ಸ್ಟೋನ್ಸ್‌ನಂಥ ತಂಡ ಕೂಡ 2005ರ ನಂತರ ಸ್ವಂತ ರಚನೆಗಳ ಮುಂದಿನ ಆಲ್ಬಂ ಹೊರತರಲು 2023ರವರೆಗೆ ಸಮಯ ತೆಗೆದುಕೊಂಡಿತು, ಅಷ್ಟರಲ್ಲಿ ಅವರ ಡ್ರಮ್ಮರ್ ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡಿದ್ದರು. ಅವರು ನುಡಿಸಿದ್ದ ಧ್ವನಿಮುದ್ರಣ ಆ ಆಲ್ಬಮ್ಮಿನ ಎರಡು ಹಾಡುಗಳಲ್ಲಿ ಮಾತ್ರ ಸೇರಿತು. ಈ ಸಂಗತಿ ನಮ್ಮೊಳಗೆ ಮತ್ತೆ ಮತ್ತೆ ಮಾತಿಗೆ ಬಂತು. “ಹೊಸ ಹಾಡು ಯಾರಿಗೆ ಬೇಕು ಹೇಳೋ?” ಎಂದು ಲೀಡ್ ಗಿಟಾರಿಸ್ಟ್ ಕೇಳಿದಾಗ, ಸಾಮಾನ್ಯವಾಗಿ ಮಾತೇ ಆಡದ ನಮ್ಮ ಬೇಸ್ ವಾದಕ, “ನನಗೆ ಬೇಕು ಕಣೋ, ನಾವೆಲ್ಲ ಇನ್ನೂ ಇರುವಾಗಲೇ ಬೇಕು” ಎಂದ. ಆ ಮೇಲೆ ಬೇಕೋ ಬೇಡವೋ ಎಂಬ ಚರ್ಚೆ ನಡೆಯಲಿಲ್ಲ. ಹೇಗೆ ಎಂಬುದಷ್ಟೇ ಉಳಿಯಿತು.

ರಚನೆಯ ಹಕ್ಕನ್ನು ಹಂಚಿಕೊಳ್ಳುವ ವಿಷಯವನ್ನು ಒಂದು ಸ್ವರವನ್ನೂ ನುಡಿಸುವ ಮುಂಚೆಯೇ ಇತ್ಯರ್ಥ ಮಾಡಿಕೊಂಡೆವು. ಎಲ್ಲ ಹಾಡುಗಳಿಗೂ ಐವರ ಹೆಸರು, ಐವರಿಗೂ ಸಮಪಾಲು. ಕ್ವೀನ್ ತಂಡ 1989ರ ಆಲ್ಬಮ್ಮಿನಲ್ಲಿ ಎಲ್ಲ ಹಾಡುಗಳನ್ನೂ ನಾಲ್ವರ ಹೆಸರಿನಲ್ಲಿ ಒಟ್ಟಾಗಿ ದಾಖಲಿಸಿದ್ದು ನಮಗೆ ಮಾದರಿಯಾಗಿತ್ತು. ಯಾರ ಹಾಡು ಆಲ್ಬಮ್ಮಿಗೆ ಸೇರಿದರೆ ಯಾರಿಗೆ ಎಷ್ಟು ಎಂಬ ಲೆಕ್ಕ ಮನಸ್ಸಿನಲ್ಲಿ ಓಡುತ್ತಿದ್ದರೆ ಹಾಡನ್ನು ಹಾಡಿನ ಗುಣದ ಮೇಲೆ ಆರಿಸುವುದು ಕಷ್ಟ. ಈ ಒಂದು ತೀರ್ಮಾನದಿಂದ ಮುಂದಿನ ತಿಂಗಳುಗಳಲ್ಲಿ ಎಷ್ಟೋ ಜಗಳಗಳು ಹುಟ್ಟುವ ಮೊದಲೇ ತಪ್ಪಿಹೋದವು.

ನಮ್ಮ ನಿರ್ಮಾಪಕಿ ವಯಸ್ಸಿನಲ್ಲಿ ನಮಗಿಂತ ಬಹಳ ಚಿಕ್ಕವರು. ಅವರು ಮೊದಲು ಕೇಳಿದ್ದು ನಮ್ಮ ಹೊಸ ಡೆಮೊಗಳನ್ನಲ್ಲ, ಅಂದರೆ ಹಾಡುಗಳ ಕಚ್ಚಾ ಮುದ್ರಣಗಳನ್ನಲ್ಲ. ಹಿಂದೆ ಅರ್ಧಕ್ಕೆ ಬಿಟ್ಟ ಹಾಡು ಯಾವುದಾದರೂ ಇದೆಯೇ ಎಂದು ವಿಚಾರಿಸಿದರು. ಒಂದಿತ್ತು. ಅದರ ಟೇಪನ್ನು ಕಪಾಟಿನಿಂದ ತೆಗೆದಾಗ ಸುರುಳಿಯ ಪದರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಪ್ಪತ್ತು ಮತ್ತು ಎಂಬತ್ತರ ದಶಕಗಳ ಅನೇಕ ಟೇಪುಗಳಿಗೆ ಈ ರೋಗವಿದೆ: ಕಾಂತೀಯ ಪುಡಿಯನ್ನು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಹಿಡಿದಿಡುವ ಅಂಟು ವರ್ಷಗಟ್ಟಲೆ ಗಾಳಿಯ ತೇವವನ್ನು ಹೀರಿಕೊಂಡು ಜಿಗುಟಾಗುತ್ತದೆ. ಹಾಗೆಯೇ ಯಂತ್ರಕ್ಕೇರಿಸಿದರೆ ಟೇಪು ಕಿರುಗುಟ್ಟುತ್ತದೆ, ಪುಡಿ ಕಿತ್ತುಬಂದು ಯಂತ್ರದ ಹೆಡ್‌ಗೆ ಮೆತ್ತಿಕೊಳ್ಳುತ್ತದೆ, ಅದರೊಂದಿಗೆ ಸಂಗೀತವೂ ಹೋಗುತ್ತದೆ. ಇದಕ್ಕಿರುವ ಉಪಾಯವೆಂದರೆ ಟೇಪನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್‌ನ ಹದವಾದ ಶಾಖದಲ್ಲಿ ಹಲವು ಗಂಟೆಗಳ ಕಾಲ ಇಟ್ಟು ತೇವವನ್ನು ಹೊರಹಾಕುವುದು. ಇದರ ಪರಿಣಾಮ ಶಾಶ್ವತವಲ್ಲ. ಅಂಟು ಮತ್ತೆ ಜಿಗುಟಾಗುವ ಮೊದಲು ಎಲ್ಲ ಟ್ರ್ಯಾಕ್‌ಗಳನ್ನೂ ಕಂಪ್ಯೂಟರ್‌ಗೆ ಇಳಿಸಿಕೊಳ್ಳಬೇಕು. ಈ ಕೆಲಸದಲ್ಲಿ ಪಳಗಿದವರಿಗೇ ಒಪ್ಪಿಸಿದೆವು. ಅವರು ಕಳುಹಿಸಿದ ಧ್ವನಿಯಲ್ಲಿ ನಮ್ಮ ಗಾಯಕನ ಯೌವನದ ಕಂಠ ತನ್ನದೇ ಟ್ರ್ಯಾಕ್‌ನಲ್ಲಿ, ಯಾವ ವಾದ್ಯದ ಸೋಂಕೂ ಇಲ್ಲದೆ ಉಳಿದುಕೊಂಡಿತ್ತು. ಒಂದು ಚರಣ, ಒಂದು ಪಲ್ಲವಿ. ಎರಡನೆಯ ಚರಣಕ್ಕೆ ಆಗ ಸಾಹಿತ್ಯವೇ ಬರೆದಿರಲಿಲ್ಲ.

ಈ ಹಾಡೇ ಶ್ರುತಿಯ ಪ್ರಶ್ನೆಯನ್ನು ಎದುರಿಗೆ ತಂದು ನಿಲ್ಲಿಸಿತು. ಹಾಡು ಇದ್ದದ್ದು ಎ ಶ್ರುತಿಯಲ್ಲಿ. ಪಲ್ಲವಿಯ ಶಿಖರದಲ್ಲಿ ಗಾಯಕ 440 ಹರ್ಟ್ಸ್‌ನ ಎ ಸ್ವರವನ್ನು ಎದೆಯ ಕಂಠದಲ್ಲೇ, ಅಂದರೆ ತೆಳುದನಿಗೆ ಜಾರದೆ ತುಂಬುದನಿಯಲ್ಲೇ ಹಿಡಿದು ನಿಲ್ಲಬೇಕಿತ್ತು. ವಯಸ್ಸಾದಂತೆ ಧ್ವನಿತಂತುಗಳ ಮೃದುತ್ವ ಕಡಿಮೆಯಾಗುತ್ತದೆ, ಶ್ವಾಸಕೋಶದ ಬಲವೂ ಇಳಿಯುತ್ತದೆ. ಆತ ಇಂದಿಗೂ ಆ ಸ್ವರವನ್ನು ಮುಟ್ಟಬಲ್ಲ, ಆದರೆ ಮುಟ್ಟುವುದರಲ್ಲೇ ಉಸಿರೆಲ್ಲ ಖರ್ಚಾಗಿ ಮಾತುಗಳಿಗೆ ಏನೂ ಉಳಿಯುತ್ತಿರಲಿಲ್ಲ. ಶ್ರುತಿ ಇಳಿಸೋಣ ಎಂದಾಗ ಆತ ಒಪ್ಪಲಿಲ್ಲ. ಇಳಿಸಿದರೆ ಹಾಡಿನ ಕಾವೇ ಹೋಗುತ್ತದೆ ಎಂಬ ಅವನ ಆತಂಕ ನ್ಯಾಯವಾದದ್ದೇ. ರಾಕ್ ಹಾಡಿನಲ್ಲಿ ಕೇಳುಗರನ್ನು ಹಿಡಿದಿಡುವುದು ಬಹುಮಟ್ಟಿಗೆ ಆ ಏರುಕಂಠದ ಸೆಳೆತವೇ. ನಿರ್ಮಾಪಕಿ ವಾದಕ್ಕಿಳಿಯಲಿಲ್ಲ. ಹಾಡನ್ನು ಎ ಮತ್ತು ಜಿ ಎರಡರಲ್ಲೂ ಹಾಡಿಸಿ, ಮರುದಿನ ಎರಡನ್ನೂ ಕೇಳಿಸಿ, “ಯಾವುದರಲ್ಲಿ ನಿಮಗೆ ಸಾಹಿತ್ಯ ಕೇಳಿಸುತ್ತದೆ, ಅಷ್ಟು ಹೇಳಿ” ಎಂದರು. ಗಾಯಕ ತಾನೇ ಜಿ ಕಡೆಗೆ ಕೈ ತೋರಿಸಿದ.

ಗಾಯಕನಿಗೆ ಒಂದು ಸ್ವರ ಇಳಿಸಿದರೆ ಗಿಟಾರುಗಳ ಪಾಡು ಏನಾಗುತ್ತದೆ ಎಂಬುದು ಹೊರಗಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ನಮ್ಮ ರಿಫ್‌ಗಳಲ್ಲಿ, ಅಂದರೆ ಹಾಡಿನಲ್ಲಿ ಮರಳಿ ಮರಳಿ ಬರುವ ಗಿಟಾರ್ ತುಣುಕುಗಳಲ್ಲಿ, ಹೆಚ್ಚಿನವು ಇ ಅಥವಾ ಎ ತಂತಿಯನ್ನು ಬೆರಳೊತ್ತದೆ ಮೊಳಗಲು ಬಿಟ್ಟು, ಅದರ ಮೇಲೆ ಉಳಿದ ಸ್ವರಗಳನ್ನು ಕಟ್ಟಿದವು. ಜಿ ಶ್ರುತಿಗೆ ಹೋದ ಕೂಡಲೇ ಆ ಮೊಳಗು ಕೈತಪ್ಪುತ್ತದೆ. ಬೆರಳಿನ ವಿನ್ಯಾಸ ಬದಲಿಸಿ ನೋಡಿದೆವು, ರಿಫ್ ಸತ್ತಂತೆ ಕೇಳಿಸಿತು. ಕೊನೆಗೆ ಗಿಟಾರುಗಳನ್ನೇ ಒಂದು ಪೂರ್ಣ ಸ್ವರದಷ್ಟು ಕೆಳಗೆ ಶ್ರುತಿ ಮಾಡಿದೆವು. ಅತ್ಯಂತ ಕೆಳಗಿನ ತಂತಿ 82.4 ಹರ್ಟ್ಸ್‌ನಿಂದ 73.4ಕ್ಕೆ ಇಳಿಯಿತು. ಬಿಗಿ ಕಡಿಮೆಯಾದ ತಂತಿ ಜೋರಾಗಿ ಮೀಟಿದಾಗ ಸ್ವರದಿಂದ ಮೇಲಕ್ಕೆ ಹಾರಿ ಮತ್ತೆ ಕೆಳಗೆ ಬಂದು ಕೂರುತ್ತದೆ, ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗೆ, ಅಂದರೆ ಫ್ರೆಟ್‌ಗೆ ಬಡಿದು ಝೇಂಕರಿಸುತ್ತದೆ. ಆದ್ದರಿಂದ ದಪ್ಪ ತಂತಿ ಹಾಕಿಸಿ, ತಂತಿಗಳು ಹಾದುಹೋಗುವ ತುದಿಯ ನಟ್‌ನ ಗೀರುಗಳನ್ನು ಅಗಲಿಸಿ, ಕತ್ತಿನ ಬಾಗನ್ನು ಸರಿಪಡಿಸಿ, ಪ್ರತಿ ಫ್ರೆಟ್‌ನಲ್ಲೂ ಸ್ವರ ಸರಿಯಾಗಿ ಬರುವಂತೆ ಇಂಟೊನೇಷನ್ ಹೊಸದಾಗಿ ಹೊಂದಿಸಬೇಕಾಯಿತು. ಇಷ್ಟೆಲ್ಲ ಆದ ಮೇಲೆ ಆಂಪ್ಲಿಫೈಯರ್‌ನಿಂದ ಬಂದ ನಾದ ನಮ್ಮ ಹಳೆಯ ದಾಖಲೆಗಳ ಯಾವ ಹಾಡಿನಲ್ಲೂ ಇಲ್ಲದ್ದು: ಅಗಲ, ಕಪ್ಪು ಛಾಯೆ, ತುಸು ನಿಧಾನವಾಗಿ ಅರಳುವ ಸ್ವಭಾವ. ಆ ನಾದ ಹಿಡಿಸಿತು. ಉಳಿದ ಹೊಸ ಹಾಡುಗಳಲ್ಲಿ ಅನೇಕವನ್ನು ಇದೇ ಶ್ರುತಿಯಲ್ಲೇ ಕಟ್ಟಿದೆವು, ಆಲ್ಬಮ್ಮಿನ ಬಣ್ಣವೇ ಅದರಿಂದ ನಿರ್ಧಾರವಾಯಿತು.

ಧ್ವನಿಮುದ್ರಣಕ್ಕೆ ಮುಂಚಿನ ಅಭ್ಯಾಸದಲ್ಲಿ ಹಾಡುಗಳ ವೇಗವನ್ನು ಗೊತ್ತುಮಾಡಿಕೊಂಡೆವು. ಡೆಮೊಗಳೆಲ್ಲ ಕ್ಲಿಕ್ ಟ್ರ್ಯಾಕ್‌ಗೆ, ಅಂದರೆ ಕಿವಿಯಲ್ಲಿ ಟಿಕ್ ಟಿಕ್ ಎಂದು ಲಯ ಎಣಿಸುವ ಸದ್ದಿಗೆ ನುಡಿಸಿದವು, ನಿಮಿಷಕ್ಕೆ ಇಂತಿಷ್ಟು ಬಡಿತ ಎಂದು ಗಟ್ಟಿಯಾಗಿ ಕಟ್ಟಿದವು. ಐವರೂ ಒಂದೇ ಕೋಣೆಯಲ್ಲಿ ನುಡಿಸಿದಾಗ ಚರಣ 118ರಲ್ಲಿ ನಡೆದರೆ ಪಲ್ಲವಿ ತಾನಾಗಿ 121ಕ್ಕೆ ಏರುತ್ತಿತ್ತು, ಚರಣಕ್ಕೆ ಮರಳಿದಾಗ ಮತ್ತೆ ಇಳಿಯುತ್ತಿತ್ತು. ಹಾಡಿಗೆ ಉಸಿರು ಬರುವುದು ಈ ಏರಿಳಿತದಲ್ಲಿ ಎಂದು ನಾನು ಬಲವಾಗಿ ನಂಬುತ್ತೇನೆ. ಹಾಗಾಗಿ ಹಾಡು ಎತ್ತಿಕೊಳ್ಳುವ ಎಣಿಕೆಗೆ ಮಾತ್ರ ಕ್ಲಿಕ್ ಬಳಸಿ, ಮೊದಲ ಬಡಿತ ಬಿದ್ದ ಕೂಡಲೇ ಅದನ್ನು ನಿಲ್ಲಿಸುವುದೆಂದು ನಿಶ್ಚಯಿಸಿದೆವು. ಮುಂದೆ ಒಂದು ಟೇಕ್‌ನ ತುಂಡನ್ನು ಇನ್ನೊಂದಕ್ಕೆ ಜೋಡಿಸುವುದು ಇದರಿಂದ ಕಷ್ಟವಾಗುತ್ತದೆ ಎಂದು ಎಂಜಿನಿಯರ್ ಎಚ್ಚರಿಸಿದರು, ಕಷ್ಟವಾಯಿತು ಕೂಡ. ಆದರೂ ಆ ನಿಶ್ಚಯವನ್ನು ನಾವು ಬಿಡಲಿಲ್ಲ.

ಡ್ರಮ್ಸ್ ಹೊಂದಿಸುವುದಕ್ಕೆ ಹಿಡಿದಷ್ಟು ಸಮಯ ಬೇರೆ ಯಾವುದಕ್ಕೂ ಹಿಡಿಯಲಿಲ್ಲ, ಮತ್ತು ಅದು ಸರಿಯಾದದ್ದೇ. ಪ್ರತಿ ಡ್ರಮ್ಮಿಗೂ ಒಂದೊಂದು ಮೈಕ್ ತಾಗಿಸುವುದು ಈಗ ರೂಢಿ. ನಮ್ಮ ಎಂಜಿನಿಯರ್ ಆಧಾರವಾಗಿ ಆರಿಸಿಕೊಂಡದ್ದು ಗ್ಲಿನ್ ಜಾನ್ಸ್ ಎಂಬ ಇಂಗ್ಲಿಷ್ ಧ್ವನಿ ಎಂಜಿನಿಯರ್ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಕ್ರಮವನ್ನು. ಲೆಡ್ ಜೆಪೆಲಿನ್ ತಂಡದ ಮೊದಲ ಆಲ್ಬಮ್ಮಿಗೆ ಎಂಜಿನಿಯರ್ ಆಗಿದ್ದವರು ಅವರೇ. ಒಂದು ಮೈಕ್ ಸ್ನೇರ್‌ನ, ಅಂದರೆ ವಾದಕನ ಮುಂದಿರುವ ಚುರುಕು ಸದ್ದಿನ ಡ್ರಮ್ಮಿನ, ನೇರ ಮೇಲೆ, ಇನ್ನೊಂದು ವಾದಕನ ಬಲಭಾಗದಲ್ಲಿ ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್ಮಾದ ಫ್ಲೋರ್ ಟಾಮ್‌ನ ಆಚೆಯಿಂದ ಸ್ನೇರ್‌ನತ್ತ ಮುಖ ಮಾಡಿ. ಎರಡೂ ಸ್ನೇರ್‌ನ ನಡುವಿನಿಂದ ಸರಿಯಾಗಿ ಸಮ ದೂರದಲ್ಲಿರಬೇಕು. ಎಂಜಿನಿಯರ್ ಮೈಕ್ ಕೇಬಲ್ಲಿನ ಒಂದು ತುದಿಯನ್ನು ಡ್ರಮ್ಮರ್‌ನಿಂದ ಸ್ನೇರ್‌ನ ಮೇಲೆ ಬೆರಳಿನಿಂದ ಒತ್ತಿ ಹಿಡಿಸಿ, ಅದನ್ನು ಎಳೆದು ಮೊದಲ ಮೈಕ್‌ವರೆಗಿನ ದೂರಕ್ಕೆ ಗುರುತು ಮಾಡಿ, ಅದೇ ಉದ್ದವನ್ನು ಎರಡನೆಯದಕ್ಕೆ ತಿರುಗಿಸಿ ಅಳೆದರು. ಇಷ್ಟು ನಿಖರತೆ ಏಕೆಂದರೆ ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಎರಡು ಮೈಕ್‌ಗಳ ದೂರದಲ್ಲಿ 17 ಸೆಂಟಿಮೀಟರ್ ವ್ಯತ್ಯಾಸವಿದ್ದರೆ 1,000 ಹರ್ಟ್ಸ್‌ನ ಆಸುಪಾಸಿನ ಅಲೆ ಒಂದರಲ್ಲಿ ಉಬ್ಬುವಾಗ ಇನ್ನೊಂದರಲ್ಲಿ ತಗ್ಗಿ, ಎರಡನ್ನೂ ಕೂಡಿಸಿದಾಗ ಸ್ನೇರ್‌ನ ತಿರುಳೇ ಮಾಯವಾಗುತ್ತದೆ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿಗೊಂದು, ಸ್ನೇರ್‌ಗೊಂದು ಹತ್ತಿರದ ಮೈಕ್ ಸೇರಿಸಿದ ಮೇಲೆ ಕೋಣೆಯಲ್ಲಿ ಕೇಳಿದ ಡ್ರಮ್ಸ್ ಹಾಗೆಯೇ ಸ್ಪೀಕರ್‌ನಲ್ಲಿ ಕೇಳಿಸಿತು.

ನಮ್ಮ ಡ್ರಮ್ಮರ್‌ಗೆ ಮಣಿಕಟ್ಟಿನ ನೋವು ಕೆಲವು ವರ್ಷಗಳಿಂದ ಇದೆ. ವೇದಿಕೆಯ ಮೇಲಿನ ಆವೇಶದಲ್ಲಿ ಬಡಿದು ಬಡಿದು ಬಂದ ನೋವು. ಈಗ ಅವನಿಗೆ ಹಾಗೆ ಬಡಿಯಲಾಗದು ಎಂಬ ಕೊರಗನ್ನು ಹೊತ್ತೇ ಸ್ಟುಡಿಯೋಗೆ ಬಂದಿದ್ದ. ಎಂಜಿನಿಯರ್ ಅವನಿಗೆ ಎರಡು ಮುದ್ರಣಗಳನ್ನು ಕೇಳಿಸಿದರು, ಒಂದರಲ್ಲಿ ಬಲವಾಗಿ ಹೊಡೆದದ್ದು, ಇನ್ನೊಂದರಲ್ಲಿ ಅರ್ಧ ಬಲದಲ್ಲಿ. ಬಲವಾದ ಹೊಡೆತಕ್ಕೆ ಚರ್ಮದ ಹೊದಿಕೆ ಅದುಮಿಹೋಗಿ ಸ್ವರ ಮೊಟಕಾಗಿತ್ತು, ಸಿಂಬಲ್‌ಗಳ ಸದ್ದು ಎಲ್ಲ ಮೈಕ್‌ಗಳಿಗೂ ನುಗ್ಗಿ ಉಳಿದುದನ್ನೆಲ್ಲ ಮುಚ್ಚಿತ್ತು. ಹಗುರ ಹೊಡೆತದಲ್ಲಿ ಡ್ರಮ್ ಪೂರ್ತಿಯಾಗಿ ಅನುರಣಿಸಿತ್ತು. ಮೈಕ್‌ನ ಮಟ್ಟ ಏರಿಸಿದಾಗ ಅದೇ ದೊಡ್ಡದಾಗಿ ಕೇಳಿಸಿತು. ಡ್ರಮ್ಮರ್ ಎರಡನ್ನೂ ಮತ್ತೊಮ್ಮೆ ಹಾಕಿಸಿಕೊಂಡು ಕೇಳಿ, ಕಡ್ಡಿ ತೆಗೆದುಕೊಂಡು ಹೋಗಿ ಕುಳಿತ. ಆ ಹೊತ್ತಿನಿಂದ ಆಲ್ಬಂ ಮುಗಿಯುವವರೆಗೆ ಅವನು ನುಡಿಸಿದ ಲಯದಲ್ಲಿ ನಾನು ಇಷ್ಟು ವರ್ಷ ಕೇಳದಿದ್ದ ಸಣ್ಣ ಸಣ್ಣ ಸ್ಪರ್ಶಗಳಿದ್ದವು.

ಡ್ರಮ್ಸ್, ಬೇಸ್ ಮತ್ತು ನಾನು ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ನೋಡುತ್ತ ನುಡಿಸಿದೆವು. ಆಂಪ್ಲಿಫೈಯರ್‌ಗಳನ್ನು ಪಕ್ಕದ ಕೋಣೆಗಳಲ್ಲಿಟ್ಟು ಬಾಗಿಲು ಹಾಕಲಾಗಿತ್ತು, ಗಾಯಕ ಗಾಜಿನ ಆಚೆ ನಿಂತು ದಾರಿ ತೋರಿಸುವಷ್ಟು ಹಾಡುತ್ತಿದ್ದ. ಬೀಟಲ್ಸ್ 1963ರ ಫೆಬ್ರವರಿ 11ರಂದು ಒಂದೇ ದಿನ ತಮ್ಮ ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು ಮುಗಿಸಿದರು ಎಂಬುದನ್ನು ಕೇಳುತ್ತಲೇ ಬೆಳೆದವರು ನಾವು. ಅಷ್ಟು ಕಸುವು ಈಗ ನಮ್ಮಲ್ಲಿಲ್ಲ, ಆದರೆ ಒಟ್ಟಿಗೆ ನುಡಿಸುವ ಆ ಕ್ರಮವನ್ನು ಬಿಟ್ಟುಕೊಡುವ ಮನಸ್ಸೂ ಇರಲಿಲ್ಲ. ಒಂದು ಹಾಡಿನಲ್ಲಿ ಕೆಲವು ಟೇಕ್‌ಗಳ ನಂತರವೂ ಹದ ಬರದಿದ್ದರೆ ನಿರ್ಮಾಪಕಿ ಅದನ್ನು ಬದಿಗಿಟ್ಟು ಬೇರೆ ಹಾಡಿಗೆ ಕರೆದೊಯ್ಯುತ್ತಿದ್ದರು. ದಣಿದ ಕೈ ಹಾಡನ್ನು ಹಳಸುವಂತೆ ಮಾಡುತ್ತದೆ ಎಂಬುದು ಅವರ ಖಚಿತ ಅಭಿಪ್ರಾಯ. ಒಂದು ಹಾಡಿನ ಎರಡನೆಯ ಚರಣದ ಕೊನೆಯಲ್ಲಿ ಬೇಸ್ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಎಂಜಿನಿಯರ್ ಪರದೆಯ ಮೇಲೆ ಆ ಅಲೆಯನ್ನು ತೋರಿಸಿ, ಮುಂದಕ್ಕೆ ಸರಿಸಲೇ ಎಂದು ಕೇಳಿದರು. ಹಿಗ್ಗಿಸಿ ನೋಡಿದಾಗ ಕಿಕ್ ಕೂಡ ಅಷ್ಟೇ ಹಿಂದಿತ್ತು, ನನ್ನ ಗಿಟಾರೂ ಅಷ್ಟೇ. ಮೂವರೂ ಪಲ್ಲವಿಗೆ ಮುಂಚೆ ಒಟ್ಟಾಗಿ ಕಾಲೆಳೆದಿದ್ದೆವು, ಯಾರೂ ಯಾರಿಗೂ ಹೇಳದೆ. ನಿರ್ಮಾಪಕಿ ಅದನ್ನು ಹಾಗೆಯೇ ಬಿಡಿಸಿದರು.

ಗಿಟಾರುಗಳ ಮೇಲುಜೋಡಣೆ ಬೇಗ ಮುಗಿಯಿತು. ಸ್ಪೀಕರ್‌ನ ಶಂಕುವಿಗೆ ಒತ್ತಿದಂತೆ ಒಂದು ಶೂರ್ ಎಸ್‌ಎಂ57 ಮೈಕ್, ಅದರ ಚುರುಕನ್ನು ತಣಿಸಲು ಪಕ್ಕದಲ್ಲೊಂದು ಮೆದು ದನಿಯ ರಿಬ್ಬನ್ ಮೈಕ್; ದೊಡ್ಡ ಆಂಪ್‌ಗಳಿಗಿಂತ ಒಂದೇ ಸ್ಪೀಕರ್‌ನ ಚಿಕ್ಕ ಆಂಪ್ ದಾಖಲೆಯಲ್ಲಿ ತುಂಬು ದನಿ ಕೊಟ್ಟಿತು.

ಹಾಡುಗಾರಿಕೆಗೆ ಮಾತ್ರ ಆತುರಪಡುವಂತಿರಲಿಲ್ಲ. ಗಾಯಕನ ಕಂಠ ಮಧ್ಯಾಹ್ನದ ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ, ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಕಿಂಡಿಯಲ್ಲಷ್ಟೇ ಹಾಡಿಸುತ್ತಿದ್ದೆವು. ಸ್ಟುಡಿಯೋದ ಹೆಮ್ಮೆಯಾದ ಸೂಕ್ಷ್ಮ ಸದ್ದನ್ನೂ ಹಿಡಿಯುವ ದೊಡ್ಡ ಕಂಡೆನ್ಸರ್ ಮೈಕ್ ಅವನ ಗಂಟಲಿನ ಒಣಗುವಿಕೆಯನ್ನೆಲ್ಲ ಎತ್ತಿ ತೋರಿಸಿತು. ಅದನ್ನು ಬಿಟ್ಟು ಅಷ್ಟು ಸೂಕ್ಷ್ಮವಲ್ಲದ ಡೈನಮಿಕ್ ಮೈಕ್‌ಗೆ ತುಟಿ ತಾಗುವಷ್ಟು ಹತ್ತಿರ ನಿಲ್ಲಿಸಿದಾಗ ದನಿ ಬೆಚ್ಚಗಾಯಿತು. ಒಂದೇ ದಿಕ್ಕಿನಿಂದ ಕೇಳುವ ಮೈಕ್‌ಗಳು ಹತ್ತಿರದ ದನಿಯ ಮಂದ್ರವನ್ನು ಹಿಗ್ಗಿಸುತ್ತವೆ. ಹೆಡ್‌ಫೋನ್‌ನಲ್ಲಿ ತನ್ನ ದನಿ ಟೊಳ್ಳಾಗಿದೆ ಎಂದು ಆತ ಪದೇಪದೇ ಹೇಳುತ್ತಿದ್ದ. ಕಂಪ್ಯೂಟರ್ ದನಿಯನ್ನು ಒಳಗೆ ತೆಗೆದುಕೊಂಡು ಹಿಂದಿರುಗಿಸುವಾಗ ಆಗುವ ಕೆಲವೇ ಮಿಲಿಸೆಕೆಂಡುಗಳ ವಿಳಂಬ, ತಲೆಬುರುಡೆಯ ಮೂಲಕ ಅವನಿಗೆ ನೇರವಾಗಿ ಕೇಳುವ ದನಿಯೊಂದಿಗೆ ಸೇರಿ ಕೆಲವು ಸ್ವರಾಂಶಗಳನ್ನು ಅಳಿಸುತ್ತಿತ್ತು. ಕಂಪ್ಯೂಟರಿಗೆ ಹೋಗುವ ಮೊದಲೇ ದನಿಯನ್ನು ಹೆಡ್‌ಫೋನ್‌ಗೆ ಕವಲೊಡೆಸಿದ ಮೇಲೆ ಆ ದೂರು ನಿಂತಿತು, ಅವನ ಹಾಡಿನಲ್ಲಿ ಧೈರ್ಯ ಬಂತು.

ಟೇಕ್‌ಗಳಿಂದ ಸಾಲು ಸಾಲಾಗಿ ಆರಿಸಿ ಒಂದು ಹಾಡನ್ನು ಜೋಡಿಸುವಾಗ ನಿರ್ಮಾಪಕಿ ಶುದ್ಧ ಸ್ವರಕ್ಕಿಂತ ಅರ್ಥ ಮೂಡಿದ ಸಾಲನ್ನೇ ಹಿಡಿದರು. 1997ರಲ್ಲಿ ಆಟೊ-ಟ್ಯೂನ್ ಎಂಬ ತಂತ್ರಾಂಶ ಬಂದಂದಿನಿಂದ ಶ್ರುತಿ ತಿದ್ದುವುದು ಬೆರಳ ತುದಿಯ ಕೆಲಸ. ಪ್ರಯೋಗಕ್ಕೆಂದು ಒಂದು ಸಾಲನ್ನು ತಿದ್ದಿ ನೋಡಿದೆವು. ನಮ್ಮ ಗಾಯಕ ಸ್ವರಕ್ಕೆ ಕೆಳಗಿನಿಂದ ಜಾರಿಕೊಂಡು ಹತ್ತುವವನು. ತಿದ್ದಿದ ಸಾಲಿನಲ್ಲಿ ಆ ಜಾರು ಮಾಯವಾಗಿ, ಯಾರದೋ ಹಾಡಿನಂತೆ ಕೇಳಿಸಿತು. ತಂತ್ರಾಂಶವನ್ನು ಮುಚ್ಚಿದೆವು, ಆಲ್ಬಮ್ಮಿನಲ್ಲಿ ಎಲ್ಲಿಯೂ ಅದು ಇಲ್ಲ.

ಟೇಪಿನಲ್ಲಿ ಸಿಕ್ಕಿದ ಯೌವನದ ಕಂಠವನ್ನು ಬಳಸಬೇಕೆಂಬ ಸಲಹೆ ಹೊರಗಿನಿಂದ ಬಲವಾಗಿಯೇ ಬಂತು. 2023ರಲ್ಲಿ ಬೀಟಲ್ಸ್ ಹೆಸರಿನಲ್ಲಿ ಬಂದ ಹಾಡಿನಲ್ಲಿ ಎಪ್ಪತ್ತರ ದಶಕದ ಕ್ಯಾಸೆಟ್ಟಿನಿಂದ ಜಾನ್ ಲೆನನ್‌ರ ದನಿಯನ್ನು ಕಂಪ್ಯೂಟರ್ ಮೂಲಕ ಪಿಯಾನೋದಿಂದ ಬಿಡಿಸಿ ತೆಗೆದಿದ್ದರು. ನಮ್ಮಲ್ಲಿ ಬಿಡಿಸುವ ಶ್ರಮವೂ ಬೇಕಿರಲಿಲ್ಲ. ಆದರೆ ಅಲ್ಲಿ ಹಾಡುವವರು ಇಲ್ಲವಾಗಿದ್ದರು, ಇಲ್ಲಿ ನಮ್ಮ ಗಾಯಕ ಎದುರಿಗೇ ಇದ್ದಾನೆ. ಹಳೆಯ ದನಿಯನ್ನು ಜಿಗೆ ಇಳಿಸಿದರೆ ಅದರ ಸಹಜತೆ ಹೋಗುತ್ತಿತ್ತು. ಎರಡನೆಯ ಚರಣವನ್ನು ಆತ ಈಗಷ್ಟೇ ಬರೆದಿದ್ದರಿಂದ ಅರ್ಧ ಹಾಡಿಗೆ ಒಂದು ದನಿ, ಅರ್ಧಕ್ಕೆ ಇನ್ನೊಂದು ಎಂದಾಗುತ್ತಿತ್ತು. ಕೇಳುವವರು ಹಾಡು ಬಿಟ್ಟು ಎರಡು ದನಿಗಳ ನಡುವಿನ ವಯಸ್ಸನ್ನು ಅಳೆಯುತ್ತ ಕೂರುತ್ತಾರೆ ಎಂದು ನಾನು ಹೇಳಿದೆ. ಹಾಡನ್ನು ಮೊದಲಿನಿಂದ ಕೊನೆಯವರೆಗೆ ಆತನೇ ಹೊಸದಾಗಿ ಹಾಡಿದ. ಆಲ್ಬಮ್ಮಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಹಾಡುಗಾರಿಕೆ ಅದು.

ಎಲ್ಲ ಟ್ರ್ಯಾಕ್‌ಗಳನ್ನೂ ಹದವಾಗಿ ಬೆರೆಸುವ ಮಿಕ್ಸಿಂಗ್‌ನಲ್ಲಿ ನನ್ನ ಕಿವಿಯ ಸರದಿ. ವರ್ಷಗಟ್ಟಲೆ ಅಬ್ಬರದ ನಡುವೆ ನಿಂತವರ ಶ್ರವಣಶಕ್ತಿ ಮೊದಲು ಕುಗ್ಗುವುದು 4,000 ಹರ್ಟ್ಸ್‌ನ ಆಸುಪಾಸಿನಲ್ಲಿ. ನನ್ನ ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ಆ ತಗ್ಗು ಸ್ಪಷ್ಟವಾಗಿದೆ. ಗಿಟಾರಿನ ಕಚ್ಚು, ಸಿಂಬಲ್‌ನ ಹೊಳಪು, ಹಾಡಿನ ವ್ಯಂಜನಗಳು ಎಲ್ಲ ವಾಸಿಸುವುದು ಅಲ್ಲಿಯೇ. ನನ್ನ ಕಿವಿಗೆ ಸಾಕೆನಿಸುವಷ್ಟು ಹೊಳಪು ಏರಿಸಿದರೆ ಉಳಿದವರಿಗೆ ಅದು ಚುಚ್ಚುತ್ತದೆ. ಆದ್ದರಿಂದ ಆರಂಭದಲ್ಲೇ ಆ ಹರವಿನ ತೀರ್ಮಾನಗಳನ್ನೆಲ್ಲ ನಿರ್ಮಾಪಕಿ ಮತ್ತು ಎಂಜಿನಿಯರ್‌ಗೆ ಒಪ್ಪಿಸಿ, ಲಯ, ಸಮತೋಲ, ಯಾವ ವಾದ್ಯ ಎಲ್ಲಿ ಮುಂದೆ ಬರಬೇಕು ಎಂಬುದರ ಮೇಲಷ್ಟೇ ನಾನು ಮಾತನಾಡಿದೆ. ಮಿಕ್ಸಿಂಗ್ ಎಲ್ಲ ಸುಮಾರು 80 ಡೆಸಿಬಲ್‌ನ ಮಿತವಾದ ಮಟ್ಟದಲ್ಲಿ ನಡೆಯಿತು. ಹಿಂದೆ ನಾವು ಸ್ಪೀಕರ್‌ಗಳನ್ನು ಕೂಗಿಸಿ ಕೇಳುತ್ತಿದ್ದೆವು. ಜೋರಾದಷ್ಟೂ ಮಂದ್ರವೂ ತಾರವೂ ಉಬ್ಬಿ ಕೇಳಿಸುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ, ಹೀಗಾಗಿ ಎಲ್ಲ ಮಿಕ್ಸ್‌ಗಳೂ ಜೋರಿನಲ್ಲಿ ಚೆಂದವೇ.

ಮಿಕ್ಸ್ ಆದ ಹಾಡುಗಳಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್‌ನಲ್ಲಿ ಸದ್ದನ್ನು ಹಿಂಡಿ ಏರಿಸುವ ಒತ್ತಾಯಕ್ಕೆ ನಾವು ಮಣಿಯಲಿಲ್ಲ. ಸ್ಪಾಟಿಫೈಯಂಥ ಸೇವೆಗಳು ಎಲ್ಲ ಹಾಡುಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್‌ (ಕಿವಿಗೆ ಕೇಳುವ ಸದ್ದಿನ ಜೋರನ್ನು ಅಳೆಯುವ ಮಾನ) ಆಸುಪಾಸಿಗೆ ಸಮ ಮಾಡಿ ಕೇಳಿಸುವುದರಿಂದ ಅತಿಯಾಗಿ ಹಿಂಡಿದ ಹಾಡಿಗೆ ಅಲ್ಲಿ ಯಾವ ಲಾಭವೂ ಇಲ್ಲ. ಡ್ರಮ್ಮರ್‌ನ ಆ ಸಣ್ಣ ಸ್ಪರ್ಶಗಳು ಮಾತ್ರ ಸಾಯುತ್ತವೆ.

ಹಾಡುಗಳ ಅನುಕ್ರಮವನ್ನು ಬಹುಮಟ್ಟಿಗೆ ವಿನೈಲ್ ತಟ್ಟೆಯೇ ನಿರ್ಧರಿಸಿತು. ಒಂದು ಬದಿಗೆ 20 ನಿಮಿಷದ ಆಚೀಚೆಯೇ ಹಿತ. ಅದಕ್ಕಿಂತ ಹೆಚ್ಚು ತುಂಬಿದರೆ ಗೀರುಗಳು ಕಿರಿದಾಗಿ ಸದ್ದು ತಗ್ಗುತ್ತದೆ. ತಟ್ಟೆ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗುವಾಗ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಸರಿಯುತ್ತದೆ, ಒಳಗೆ ಹೋದಂತೆ ಅದು 20ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟೇ ಹೊತ್ತಿನ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಬೇಕಾಗುತ್ತದೆ. ಅಬ್ಬರದ ಹಾಡುಗಳು ಬದಿಯ ಮೊದಲಿಗೆ, ಮೆಲುದನಿಯವು ಕೊನೆಗೆ ಹೋದದ್ದು ಇದರಿಂದ. ಉದ್ದನೆಯ ಎರಡು ಹಾಡುಗಳನ್ನು ಕೈಬಿಡಬೇಕಾಯಿತು, ಒಂದು ನಾನು ಕಟ್ಟಿದ್ದು. ಸಮಪಾಲಿನ ಒಪ್ಪಂದ ಇದ್ದುದರಿಂದ ಅದು ಅರ್ಧ ಗಂಟೆಯ ಮಾತಿನಲ್ಲಿ ಮುಗಿಯಿತು.

ಮೊದಲ ಪರೀಕ್ಷಾ ಮುದ್ರಿಕೆಯಲ್ಲಿ ಎರಡನೆಯ ಬದಿಯ ಕೊನೆಯ ಹಾಡಿನ ‘ಸ’ಕಾರದ ಅಕ್ಷರಗಳು ಸೀಳಿ ಕೇಳಿಸುತ್ತಿದ್ದವು. ಮಾಸ್ಟರಿಂಗ್ ಎಂಜಿನಿಯರ್ ಆ ಅಕ್ಷರಗಳನ್ನಷ್ಟೇ ಒಂದೊಂದಾಗಿ ತಗ್ಗಿಸಿ ಮುದ್ರಿಕೆಗಳಿಗೆ ಮೂಲವಾಗುವ ಲ್ಯಾಕರ್ ತಟ್ಟೆಯನ್ನು ಹೊಸದಾಗಿ ಕೊರೆಸಿದರು. ಎರಡನೆಯ ಮುದ್ರಿಕೆ ಬಂದಾಗ ನಿರ್ಮಾಪಕಿ ಪ್ರತಿ ಸಾಲನ್ನೂ ಸೂಜಿ ಎತ್ತಿ ಇಳಿಸಿ ಪರೀಕ್ಷಿಸಿ, ಸರಿಯಿದೆ ಎಂದರು. ಒಪ್ಪಿಗೆ ಕಳುಹಿಸಿದೆವು, ಈಗ ಇಳಿಸಿದ ಶ್ರುತಿಯ ಗಿಟಾರುಗಳೊಂದಿಗೆ ಈ ಹಾಡುಗಳನ್ನು ವೇದಿಕೆಗಾಗಿ ಅಭ್ಯಾಸ ಮಾಡುತ್ತಿದ್ದೇವೆ. ಡ್ರಮ್ಮರ್ ಹಗುರವಾಗಿಯೇ ನುಡಿಸುತ್ತಿದ್ದಾನೆ, ಉಳಿದವರು ಅವನಿಗೆ ತಕ್ಕಂತೆ ಆಂಪ್‌ಗಳ ಸದ್ದು ಇಳಿಸಿಕೊಂಡಿದ್ದೇವೆ.